ಮೂಗಿಗಿಂತ ಭಾರವಾದ ಮೂಗುತಿ



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಡೂರಿನ ನಮ್ಮ ಮನೆಗೆ ಬಂದಿದ್ದ. ತರೀಕೆರೆಯಲ್ಲಿ ನನ್ನ ಬಳಿ ವಿಜ್ಞಾನ ಕಲಿತವನು. ಕಾಲಿಗೆರಗಿ, ಕುಶಲ ವಿಚಾರಿಸಿ, ಕಾಫಿ ಮುಗಿದ ಮೇಲೆ ಚೀಲದಿಂದ ಒಂದು ಪೆಟ್ಟಿಗೆಯನ್ನು ತೆಗೆದು ಮೇಜಿನ ಮೇಲಿಟ್ಟ. ಅದರೊಳಗೆ ವಿದ್ಯುತ್ ತಂತಿಗೆ ಕಚ್ಚಿಸುವ ಒಂದು ಚಿಮುಟ, ನಾಲ್ಕು 'ಸ್ಮಾರ್ಟ್ ಪ್ಲಗ್'ಗಳು, ಇವೆಲ್ಲವನ್ನೂ ಮೊಬೈಲಿಗೆ ಜೋಡಿಸುವ ಒಂದು ಪುಟ್ಟ ಡಬ್ಬಿ. ಮನೆಯ ಯಾವ ಉಪಕರಣ ಎಷ್ಟು ವಿದ್ಯುತ್ತನ್ನು ಬಳಸುತ್ತಿದೆಯೆಂಬುದನ್ನು ಇದು ಕ್ಷಣಕ್ಷಣಕ್ಕೂ ಬಣ್ಣದ ರೇಖೆಗಳಲ್ಲಿ ತೋರಿಸುತ್ತದಂತೆ. ಎಲ್ಲವೂ ಸೇರಿ ಹದಿನಾಲ್ಕು ಸಾವಿರ ರೂಪಾಯಿ. "ಮೇಷ್ಟ್ರೆ, ನೂರಕ್ಕೆ ಮೂವತ್ತರಷ್ಟು ವಿದ್ಯುತ್ ಉಳಿತಾಯ ಗ್ಯಾರಂಟಿ. ನಿಮ್ಮ ಬರಹವನ್ನು ನಮ್ಮ ಮೂರು ತಾಲ್ಲೂಕಿನ ಹಳೆಯ ವಿದ್ಯಾರ್ಥಿಗಳೆಲ್ಲ ಓದುತ್ತಾರೆ. ನಾಲ್ಕು ಒಳ್ಳೆಯ ಮಾತು ಬರೆದುಕೊಡಿ" ಎಂದ.

ಅವನು ಬೆಂಗಳೂರಿನ ಕೆಲಸವನ್ನು ಬಿಟ್ಟು, ಸಾಲ ಮಾಡಿ, ಊರಿನಲ್ಲಿಯೇ ಏನಾದರೂ ಮಾಡಬೇಕೆಂದು ಬಂದಿರುವವನು. ಅಂಥವನಿಗೆ ಇಲ್ಲವೆನ್ನುವುದು ನನಗೆ ಸುಲಭವಾಗಿರಲಿಲ್ಲ. ಆದರೂ ಇಲ್ಲವೆಂದೆ. ಏಕೆಂದೆನೆಂಬುದನ್ನು ಅವನಿಗೂ, ಇಂತಹ ಪೆಟ್ಟಿಗೆಗಳನ್ನು ಮಾರುತ್ತಿರುವ ಮತ್ತು ಕೊಳ್ಳುತ್ತಿರುವ ನಿಮಗೂ ವಿವರಿಸುವುದು ನನ್ನ ಕರ್ತವ್ಯವೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ಮೊದಲಿಗೆ ಲೆಕ್ಕವನ್ನೇ ನೋಡೋಣ. ನಮ್ಮ ಮನೆಯಲ್ಲಿ ನಾವಿಬ್ಬರೇ. ತಿಂಗಳಿಗೆ ಸರಾಸರಿ 85 ಯೂನಿಟ್ ಬಳಸುತ್ತೇವೆ. ನೂರಕ್ಕೆ ಮೂವತ್ತೆಂದರೆ 25 ಯೂನಿಟ್. ತೆರಿಗೆ, ಸರ್ಚಾರ್ಜುಗಳನ್ನೆಲ್ಲ ಸೇರಿಸಿ ಯೂನಿಟ್ಟಿಗೆ ಆರೂವರೆ ರೂಪಾಯಿಯೆಂದಿಟ್ಟುಕೊಂಡರೂ ತಿಂಗಳಿಗೆ ಉಳಿಯುವುದು ಸುಮಾರು 160 ರೂಪಾಯಿ. ಹದಿನಾಲ್ಕು ಸಾವಿರ ಹಿಂದಿರುಗಲು ಏಳು ವರ್ಷಗಳಿಗೂ ಹೆಚ್ಚು ಕಾಲ ಬೇಕು. ಆ ಪೆಟ್ಟಿಗೆಗಿರುವ ವಾರಂಟಿ ಒಂದೇ ವರ್ಷ! ಇದೂ ನಾವು ಪೂರ್ಣ ಬಿಲ್ಲು ಕಟ್ಟುವವರಾಗಿದ್ದರೆ ಮಾತ್ರ. 2023ರ ಜುಲೈ 1ರಿಂದ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಡಿ, 2022-23ರ ಸರಾಸರಿ ಬಳಕೆಗೆ ಶೇಕಡಾ ಹತ್ತನ್ನು ಸೇರಿಸಿ, 200 ಯೂನಿಟ್ ಮೀರದಂತೆ, ನಮ್ಮಂತಹ ಮನೆಗಳಿಗೆ ಒಂದು ಉಚಿತ ಮಿತಿಯನ್ನು ಗೊತ್ತುಮಾಡಿದ್ದಾರೆ. ನಮ್ಮ ಬಳಕೆ ಆ ಮಿತಿಯೊಳಗೇ ಇದೆ. ನಮಗೆ ಬರುವ ಬಿಲ್ಲು ಸೊನ್ನೆ. ಸೊನ್ನೆಯಲ್ಲಿ ಶೇಕಡಾ ಮೂವತ್ತನ್ನು ಉಳಿಸಿದರೆ ಎಷ್ಟಾಗುತ್ತದೆಂಬುದನ್ನು ಐದನೆಯ ತರಗತಿಯ ಮಗುವೂ ಹೇಳೀತು. ಮೂಗಿಗಿಂತ ಮೂಗುತಿ ಭಾರ ಎಂದು ನಮ್ಮ ಹಿರಿಯರು ಇಂಥದಕ್ಕೇ ಹೇಳಿದ್ದು.

ಇನ್ನೊಂದು ಪ್ರಶ್ನೆಯನ್ನು ಅವನಿಗೆ ಕೇಳಿದೆ: "ಆ ಇಪ್ಪತ್ತೈದು ಯೂನಿಟ್ ಎಲ್ಲಿಂದ ಉಳಿಯುತ್ತದಪ್ಪ?" ನಮ್ಮ ಫ್ರಿಜ್ ದಿನಕ್ಕೆ ಸುಮಾರು ಒಂದು ಯೂನಿಟ್ ತೆಗೆದುಕೊಳ್ಳುತ್ತದೆ. ಮೊಬೈಲಿನಲ್ಲಿ ಅದರ ರೇಖೆಯನ್ನು ನೋಡುತ್ತ ಕುಳಿತರೆ ಅದು ಕಡಿಮೆ ತೆಗೆದುಕೊಳ್ಳುವುದಿಲ್ಲ. ನೀರು ಸೂರ್ಯನ ಬಿಸಿಲಿನಲ್ಲಿ ಕಾಯುತ್ತದೆ. ಮಳೆಗಾಲದಲ್ಲಿ ತೆಂಗಿನ ಮಟ್ಟೆ, ಚಿಪ್ಪುಗಳಿಂದ ಹಂಡೆಯಲ್ಲಿ ಕಾಯುತ್ತದೆ. ಉಳಿದದ್ದು ಫ್ಯಾನು, ದೀಪ, ಟೀವಿ, ಮಿಕ್ಸಿ ಮತ್ತು ನೀರೆತ್ತುವ ಮೋಟಾರು. ಆತ ಉತ್ತರಿಸಲಿಲ್ಲ. ಉತ್ತರವನ್ನು ನಾನೇ ಹುಡುಕಿದೆ. ಆ ನಾಲ್ಕು ಪ್ಲಗ್ಗುಗಳು ಸದಾ ಎಚ್ಚರವಾಗಿರಬೇಕು. ಒಂದೊಂದಕ್ಕೆ ಒಂದು ವಾಟ್ ಎಂದರೂ ತಿಂಗಳಿಗೆ ಸುಮಾರು ಮೂರು ಯೂನಿಟ್. ಅವುಗಳಿಗೆ ಸುದ್ದಿ ಮುಟ್ಟಿಸುವ ವೈ-ಫೈ ರೂಟರ್ ಎಂಟು ವಾಟಿನದಾದರೆ, ಹಗಲಿರುಳು ಉರಿದು ತಿಂಗಳಿಗೆ ಸುಮಾರು ಆರು ಯೂನಿಟ್. ರೂಟರ್ ಹೇಗೂ ಇರುತ್ತದೆನ್ನುವವರು ಆ ಆರನ್ನು ಬಿಟ್ಟುಬಿಡಲಿ, ನಾವಂತೂ ರಾತ್ರಿ ಅದನ್ನು ಆರಿಸಿಯೇ ಮಲಗುವವರು. ಉಳಿತಾಯವನ್ನು ಕಾಯುವ ಕಾವಲುಗಾರನಿಗೇ ತಿಂಗಳಿಗೆ ಒಂಬತ್ತು ಯೂನಿಟ್ ಸಂಬಳ ಕೊಡಬೇಕಾಗುತ್ತದೆ.

"ಮೇಷ್ಟ್ರಿಗೆ ವಯಸ್ಸಾಯಿತು, ಹೊಸದನ್ನೆಲ್ಲ ಬೈಯುತ್ತಾರೆ" ಎಂದು ನಿಮ್ಮಲ್ಲಿ ಕೆಲವರಾದರೂ ಅಂದುಕೊಳ್ಳುತ್ತಿರಬಹುದು. ನಾನು ತಂತ್ರಜ್ಞಾನದ ವಿರೋಧಿಯಲ್ಲ. 2015ರ ಕೊನೆಯಲ್ಲಿ ನಮ್ಮ ರಾಜ್ಯದಲ್ಲಿ 'ಹೊಸ ಬೆಳಕು' ಎಂಬ ಹೆಸರಿನಲ್ಲಿ ಎಲ್‌ಇಡಿ ಬಲ್ಬುಗಳನ್ನು ಅಗ್ಗದ ಬೆಲೆಗೆ ಹಂಚಿದಾಗ ಸರದಿಯಲ್ಲಿ ನಿಂತು ತಂದವನು ನಾನು. 60 ವಾಟಿನ ಹಳೆಯ ಬಲ್ಬಿನ ಜಾಗದಲ್ಲಿ 9 ವಾಟಿನದು ಬಂದರೆ, ದಿನಕ್ಕೆ ಐದು ಗಂಟೆ ಉರಿಸುವ ಒಂದು ದೀಪದಿಂದಲೇ ತಿಂಗಳಿಗೆ ಏಳೂವರೆ ಯೂನಿಟ್ ಉಳಿಯುತ್ತದೆ. 75 ವಾಟಿನ ಹಳೆಯ ಫ್ಯಾನನ್ನು ತೆಗೆದು 30 ವಾಟಿನ ಬಿಎಲ್‌ಡಿಸಿ ಫ್ಯಾನನ್ನು ಹಾಕಿದರೆ, ದಿನಕ್ಕೆ ಹನ್ನೆರಡು ಗಂಟೆ ತಿರುಗಿದಾಗ ತಿಂಗಳಿಗೆ ಹದಿನಾರು ಯೂನಿಟ್ ಉಳಿಯುತ್ತದೆ. 2006ರಲ್ಲಿ ಆರಂಭವಾದ ನಕ್ಷತ್ರಗಳ ಚೀಟಿಯನ್ನು ನೋಡಿ ಫ್ರಿಜ್ ಕೊಂಡರೆ ಅದೂ ಉಳಿತಾಯವೇ. ಇವು ಯಾವುದಕ್ಕೂ ಆ್ಯಪ್ ಬೇಕಿಲ್ಲ, ಪಾಸ್‌ವರ್ಡ್ ಬೇಕಿಲ್ಲ. ನಾವು ಮರೆತು ಮಲಗಿದರೂ ಅವು ತಮ್ಮ ಕೆಲಸವನ್ನು ಮಾಡುತ್ತಿರುತ್ತವೆ. ವಿದ್ಯುತ್ತನ್ನು ಉಳಿಸುವ ಉಪಕರಣವೇ ಬೇರೆ, ವಿದ್ಯುತ್ ಖರ್ಚಾಗುತ್ತಿರುವುದನ್ನು ತೋರಿಸುವ ಉಪಕರಣವೇ ಬೇರೆ. ಎರಡನೆಯದನ್ನು ಮೊದಲನೆಯದರ ಹೆಸರಿನಲ್ಲಿ ಮಾರಲಾಗುತ್ತಿದೆಯೆಂಬುದೇ ನನ್ನ ತಕರಾರು.

ಇದಕ್ಕಿಂತ ಕೆಳಗಿನ ದರ್ಜೆಯ ವ್ಯಾಪಾರವೊಂದಿದೆ. 'ಪವರ್ ಸೇವರ್' ಎಂಬ ಹೆಸರಿನ, ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿದೊಡನೆ ಹಸಿರು ದೀಪ ಹೊತ್ತಿಕೊಳ್ಳುವ ಡಬ್ಬಿ. ಅದನ್ನು ಬಿಚ್ಚಿ ನೋಡಿದ್ದೇನೆ. ಒಂದು ಪುಟ್ಟ ಕೆಪಾಸಿಟರ್, ಒಂದು ದೀಪ, ಅಷ್ಟೇ. ಮೋಟಾರುಗಳಿರುವ ಕಾರ್ಖಾನೆಗಳಲ್ಲಿ ಪವರ್ ಫ್ಯಾಕ್ಟರ್ ಕುಸಿದರೆ ದಂಡ ಬೀಳುವುದರಿಂದ ಅಲ್ಲಿ ಸರಿಯಾದ ಅಳತೆಯ ಕೆಪಾಸಿಟರುಗಳು ಅವಶ್ಯಕ. ಮನೆಯ ಮಾಪಕವಾದರೋ ಕಿಲೋವಾಟ್-ಗಂಟೆಗಳನ್ನು, ಅಂದರೆ ನಿಜವಾಗಿ ಕೆಲಸ ಮಾಡಿದ ಶಕ್ತಿಯನ್ನು ಮಾತ್ರ ಎಣಿಸುತ್ತದೆ. ಆ ಡಬ್ಬಿ ಅದನ್ನು ಒಂದು ಕೂದಲೆಳೆಯಷ್ಟೂ ತಗ್ಗಿಸಲಾರದು. ಹತ್ತನೆಯ ತರಗತಿಯಲ್ಲಿ ಶಕ್ತಿ ಎಂದರೆ ಸಾಮರ್ಥ್ಯ ಗುಣಿಸು ಕಾಲ ಎಂದು ಕಂಠಪಾಠ ಮಾಡಿಸಿದ ನನ್ನ ವಿದ್ಯಾರ್ಥಿಗಳ ಮನೆಗಳ ಗೋಡೆಗಳಲ್ಲಿಯೇ ಆ ಡಬ್ಬಿಗಳನ್ನು ಕಂಡು ನಾನು ನಾಚಿದ್ದೇನೆ. ಆ ನಾಚಿಕೆಯಲ್ಲಿ ನನ್ನ ಬೋಧನೆಯ ಪಾಲೂ ಇದೆ.

ಇನ್ನು ಸಮಯದ ಮಾತು. ಇಂತಹ ಉಪಕರಣಗಳ ಬಹುದೊಡ್ಡ ಗುಣವೆಂದರೆ ಬಳಕೆಯನ್ನು ಒಂದು ವೇಳೆಯಿಂದ ಇನ್ನೊಂದು ವೇಳೆಗೆ ಸರಿಸುವುದೆನ್ನುತ್ತಾರೆ. ಇದು ನಿಜವಾದ ಸಮಸ್ಯೆಯೇ. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯ ಭದ್ರಾ ಅಣೆಕಟ್ಟನ್ನು ನೀವೆಲ್ಲ ನೋಡಿದ್ದೀರಿ. ಶಾಲಾ ಪ್ರವಾಸಕ್ಕೆ ನಾನೇ ಎಷ್ಟು ಬಾರಿ ಕರೆದೊಯ್ದಿದ್ದೇನೆ! ಅಲ್ಲಿನ ವಿದ್ಯುದಾಗಾರಗಳ ಒಟ್ಟು ಸಾಮರ್ಥ್ಯ ಸುಮಾರು 39 ಮೆಗಾವಾಟ್. ಒಂದು ಸಣ್ಣ ತತ್‌ಕ್ಷಣದ ಗೀಸರ್ 3 ಕಿಲೋವಾಟ್. ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಲ್ಲಿ ಹದಿಮೂರು ಸಾವಿರ ಮನೆಗಳವರು ಬೆಳಗಿನ ಆರೂವರೆಗೆ ಒಟ್ಟಿಗೆ ಗೀಸರ್ ಹಾಕಿದರೆ, ಆ ಇಡೀ ಅಣೆಕಟ್ಟು ಪೂರ್ಣ ಸಾಮರ್ಥ್ಯದಲ್ಲಿ ಓಡಿದರೂ ಅವರ ಸ್ನಾನಕ್ಕೇ ಸರಿಹೋಗುತ್ತದೆ. ಆ ವೇಳೆಗೆ ಸೂರ್ಯ ಇನ್ನೂ ಏರಿರುವುದಿಲ್ಲ. ಪಾವಗಡದ 2,050 ಮೆಗಾವಾಟಿನ ಸೌರ ಉದ್ಯಾನ ಆಗ ಕಣ್ಣುಜ್ಜಿಕೊಳ್ಳುತ್ತಿರುತ್ತದೆ. ಮಧ್ಯಾಹ್ನವಾದರೆ ಹಲವೆಡೆ ಸೌರವಿದ್ಯುತ್ತನ್ನು ಬಳಸುವವರೇ ಸಾಲರು. ಆದ್ದರಿಂದ ನೀರೆತ್ತುವುದನ್ನೂ ಬಟ್ಟೆ ಒಗೆಯುವುದನ್ನೂ ಹಗಲಿಗೆ ಸರಿಸುವುದು ದೇಶಕ್ಕೆ ಒಳ್ಳೆಯದು. 2023ರ ಬರಗಾಲದಲ್ಲಿ ಪಂಪ್‌ಸೆಟ್ಟುಗಳಿಗೆ ತ್ರೀ ಫೇಸ್ ವಿದ್ಯುತ್ ಸಾಲದೆ ರೈತರು ಬೀದಿಗಿಳಿದುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆದರೆ ಸರಿಸುವ ಮನೆಯವನಿಗೇನು? 2023ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ತಿದ್ದಿದ ಗ್ರಾಹಕ ಹಕ್ಕುಗಳ ನಿಯಮಗಳ ಪ್ರಕಾರ, ಬಿಸಿಲಿನ ಗಂಟೆಗಳಲ್ಲಿ ದರ ಕನಿಷ್ಠ ಶೇಕಡಾ 20ರಷ್ಟು ಕಡಿಮೆಯಿರಬೇಕು, ಒತ್ತಡದ ಗಂಟೆಗಳಲ್ಲಿ ಹೆಚ್ಚಿರಬೇಕು. ಕೃಷಿಯನ್ನು ಬಿಟ್ಟು ಉಳಿದೆಲ್ಲರಿಗೂ 2025ರ ಏಪ್ರಿಲ್‌ನಿಂದ, ಸ್ಮಾರ್ಟ್ ಮೀಟರ್ ಬಂದೊಡನೆ ಇದು ಅನ್ವಯವಾಗಬೇಕೆಂದು ಅದರ ಆಶಯ. ನಮ್ಮ ಮನೆಯ ಮೆಸ್ಕಾಂ ಬಿಲ್ಲನ್ನು ತೆಗೆದು ನೋಡಿದರೆ ಬೆಳಗಿನ ಯೂನಿಟ್ಟಿಗೂ ಮಧ್ಯಾಹ್ನದ ಯೂನಿಟ್ಟಿಗೂ ಒಂದೇ ದರ. ಮಾಪಕಕ್ಕೆ ಗಂಟೆಯ ಪರಿವೆಯೇ ಇಲ್ಲದಿರುವಾಗ, ಗಂಟೆಯನ್ನು ನೋಡಿ ನಡೆಯುವ ಯಂತ್ರವನ್ನು ಹದಿನಾಲ್ಕು ಸಾವಿರಕ್ಕೆ ಮಾರುವುದು, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ. ನಾಳೆ ಅಂತಹ ದರ ಬಂದರೂ ನನ್ನ ನೀರಿನ ಮೋಟಾರಿಗೆ ಒಂದು ಸಾದಾ ಟೈಮರ್ ಸ್ವಿಚ್ ಸಾಕು.

ಸ್ಮಾರ್ಟ್ ಮೀಟರಿನ ಹೆಸರು ಬಂದದ್ದರಿಂದ ಒಂದು ಮಾತು. 2021ರಲ್ಲಿ ಕೇಂದ್ರವು ದೇಶದಾದ್ಯಂತ 25 ಕೋಟಿ ಸ್ಮಾರ್ಟ್ ಮೀಟರುಗಳನ್ನು ಅಳವಡಿಸುವ ಯೋಜನೆಯನ್ನು ಘೋಷಿಸಿತು. ನಮ್ಮ ರಾಜ್ಯದಲ್ಲಿ 2025ರ ಫೆಬ್ರವರಿಯಲ್ಲಿ ಬೆಸ್ಕಾಂ ಹೊಸ ಸಂಪರ್ಕಗಳಿಗೆ ಅದನ್ನು ಕಡ್ಡಾಯ ಮಾಡಿದಾಗ, ಸಾವಿರದೊಳಗಿದ್ದ ಸಿಂಗಲ್ ಫೇಸ್ ಮಾಪಕದ ಬೆಲೆ ಐದು ಸಾವಿರದ ಹತ್ತಿರಕ್ಕೆ ಏರಿತು, ವಿವಾದ ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಗ್ರಾಹಕನಿಗೆ ಲಾಭವಾಗುವ ದರಪಟ್ಟಿ ಬರುವ ಮೊದಲೇ ಗ್ರಾಹಕನ ಹಣದಿಂದ ಮಾಪಕ ಬರುತ್ತದೆಂದರೆ, ಆ ಮಾಪಕ ಯಾರ ಅನುಕೂಲಕ್ಕೆ ಎಂದು ಕೇಳುವ ಅಧಿಕಾರ ನಮಗಿದೆ. ಮಾಪಕ ಕಂಪನಿಯ ಗಲ್ಲಾಪೆಟ್ಟಿಗೆ. ತನ್ನ ಗಲ್ಲಾಪೆಟ್ಟಿಗೆಯ ಬೆಲೆಯನ್ನು ಗಿರಾಕಿಯಿಂದ ವಸೂಲು ಮಾಡುವ ಅಂಗಡಿಯನ್ನು ನಾನು ಬೀರೂರಿನಲ್ಲೂ ಕಂಡಿಲ್ಲ, ಬೆಂಗಳೂರಿನಲ್ಲೂ ಕಂಡಿಲ್ಲ.

ಹಣಕ್ಕಿಂತ ನನ್ನನ್ನು ಹೆಚ್ಚು ಯೋಚನೆಗೀಡುಮಾಡಿದ್ದು ಬೇರೊಂದು ಸಂಗತಿ. ಎರಡು ವರ್ಷಗಳ ಹಿಂದೆ ಬೆಂಗಳೂರಿನಲ್ಲಿರುವ ನನ್ನ ಮಗ ಪ್ರೀತಿಯಿಂದ ಇಂತಹುದೇ ಎರಡು ಪ್ಲಗ್ಗುಗಳನ್ನು ತಂದು ಹಾಕಿ ಹೋಗಿದ್ದ. ಒಂದು ದಿನ ಬೆಳಗ್ಗೆ ಫೋನು: "ಅಪ್ಪಾ, ರಾತ್ರಿ ಎರಡೂವರೆಗೆ ಹಾಲಿನ ದೀಪ ಹೊತ್ತಿತ್ತಲ್ಲ, ಆರೋಗ್ಯ ಸರಿಯಿಲ್ಲವೆ?" ನಿದ್ದೆ ಬಾರದೆ ಪುಸ್ತಕ ಹಿಡಿದು ಕುಳಿತಿದ್ದೆ, ಅಷ್ಟೇ. ಅವನ ಕಾಳಜಿಗೆ ನನ್ನ ಕಣ್ಣು ತೇವಗೊಂಡಿತೆಂಬುದು ನಿಜ. ಆದರೆ ಮಾರನೆಯ ರಾತ್ರಿ ದೀಪ ಹಾಕಲು ಕೈ ಹಿಂಜರಿಯಿತೆಂಬುದೂ ಅಷ್ಟೇ ನಿಜ. ಪ್ಲಗ್ಗನ್ನು ಕಿತ್ತು ಡ್ರಾಯರಿನಲ್ಲಿಟ್ಟೆ. ಅವನು ಬೇಸರಿಸಿಕೊಳ್ಳಲಿಲ್ಲ. ಈಗ ವಾರಕ್ಕೆ ಎರಡು ಬಾರಿ ಫೋನು ಮಾಡುತ್ತಾನೆ, ಅದು ಪ್ಲಗ್ಗಿಗಿಂತ ಮೇಲು.

ಮಗನಿಗೆ ತಿಳಿದರೆ ಅಡ್ಡಿಯಿಲ್ಲ. ಆದರೆ ಆ ಮಾಹಿತಿ ಮಗನನ್ನು ತಲಪುವ ಮೊದಲು ಯಾವುದೋ ಕಂಪನಿಯ ಗಣಕಯಂತ್ರವನ್ನು ಹಾದುಹೋಗುತ್ತದೆ. ಸ್ಮಾರ್ಟ್ ಮೀಟರಾದರೂ ಅಷ್ಟೇ, ಹದಿನೈದು ನಿಮಿಷ ಅಥವಾ ಅರ್ಧ ಗಂಟೆಗೊಮ್ಮೆ ಬಳಕೆಯನ್ನು ದಾಖಲಿಸುತ್ತದೆ. ಮನೆಯವರು ಏಳುವುದು ಯಾವಾಗ, ಮನೆ ಖಾಲಿಯಿರುವುದು ಯಾವಾಗ, ವೃದ್ಧರು ಒಬ್ಬರೇ ಇರುವುದು ಯಾವಾಗ ಎಂಬುದೆಲ್ಲ ಆ ರೇಖೆಯಲ್ಲಿ ಬರೆದಿಟ್ಟಂತಿರುತ್ತದೆ. ವೈಯಕ್ತಿಕ ದತ್ತಾಂಶದ ರಕ್ಷಣೆಗೆ 2023ರಲ್ಲಿ ಸಂಸತ್ತು ಕಾಯ್ದೆಯನ್ನು ಮಾಡಿತು. ಕಾಯ್ದೆಯಿದ್ದರೆ ಸಾಲದು. "ನನ್ನ ಮನೆಯ ಲೆಕ್ಕ ಎಲ್ಲಿ ಹೋಗುತ್ತದೆ, ಎಷ್ಟು ದಿನ ಇರುತ್ತದೆ, ಯಾರು ನೋಡುತ್ತಾರೆ?" ಎಂದು ಕೊಳ್ಳುವವನು ಕೇಳಬೇಕು. ನನ್ನ ಶಿಷ್ಯನಿಗೆ ಈ ಮೂರು ಪ್ರಶ್ನೆಗಳನ್ನು ಕೇಳಿದೆ. ಒಂದಕ್ಕೂ ಉತ್ತರ ತಿಳಿದಿರಲಿಲ್ಲ. ಆ ಡಬ್ಬಿಯನ್ನು ಮಾಡಿದವರು ಅವನಿಗೂ ಹೇಳಿರಲಿಲ್ಲ. ತಾನೇ ಅರಿಯದುದನ್ನು ಅವನು ಹೆರವರ ಮನೆಯ ಗೋಡೆಗೆ ಸಿಕ್ಕಿಸಲು ಹೊರಟಿದ್ದ.

ಹಾಗಾದರೆ ನಾವು ಮಾಡಬೇಕಾದುದೇನು? ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಅಜ್ಜಂಪುರದಲ್ಲಿಯೂ ಅನಂತರ ತರೀಕೆರೆಯಲ್ಲಿಯೂ ಪ್ರತಿವರ್ಷ ಒಂಬತ್ತನೆಯ ತರಗತಿಗೆ ಒಂದು ಮನೆಗೆಲಸವನ್ನು ಕೊಡುತ್ತಿದ್ದೆ. ಒಂದು ತಿಂಗಳ ಕಾಲ ಪ್ರತಿದಿನ ಸಂಜೆ ಏಳಕ್ಕೆ ಮನೆಯ ಮಾಪಕದ ಅಂಕಿಯನ್ನು ಬರೆದುಕೊಂಡು ಬಂದು, ಕೊನೆಗೆ ನಕ್ಷೆ ಬಿಡಿಸಬೇಕು. ಆಗಿನ ಮಾಪಕಗಳಲ್ಲಿ ಅಲ್ಯುಮಿನಿಯಮ್ಮಿನ ಚಕ್ರವೊಂದು ತಿರುಗುತ್ತಿತ್ತು. ಎಲ್ಲವನ್ನೂ ಆರಿಸಿದರೂ ಚಕ್ರ ನಿಲ್ಲದುದನ್ನು ಒಬ್ಬ ಹುಡುಗಿ ಗಮನಿಸಿದಳು. ಅವರ ತಂದೆ ವೈರಿಂಗ್‌ನವರನ್ನು ಕರೆಸಿದಾಗ ಒದ್ದೆ ಗೋಡೆಯೊಳಗೆ ವಿದ್ಯುತ್ ಸೋರುತ್ತಿದ್ದುದು ಪತ್ತೆಯಾಯಿತು. ಒಂದು ಜೀವವೇ ಉಳಿಯಿತೇನೋ. ಇನ್ನೊಬ್ಬ ಹುಡುಗ ತಲೆತಗ್ಗಿಸಿ, "ನಮ್ಮನೇಲಿ ಮೀಟರೇ ಇಲ್ಲ ಸಾರ್" ಎಂದ. ಭಾಗ್ಯಜ್ಯೋತಿಯ ಮನೆ, 40 ವಾಟಿನ ಒಂದೇ ಬಲ್ಬು. ಆ ದಿನಗಳಲ್ಲಿ ಅಂತಹ ಅನೇಕ ಮನೆಗಳಿಗೆ ಮಾಪಕವಿರುತ್ತಿರಲಿಲ್ಲ. "ದೀಪ ಹಾಕಿದ ವೇಳೆ, ಆರಿಸಿದ ವೇಳೆ ಬರೆದುಕೊಂಡು ಬಾ, ಗುಣಿಸಿದರೆ ನೀನೇ ಮೀಟರು" ಎಂದೆ. ತಿಂಗಳ ಕೊನೆಗೆ ತರಗತಿಯಲ್ಲಿ ಅತ್ಯಂತ ಅಚ್ಚುಕಟ್ಟಾದ ಲೆಕ್ಕ ಅವನದಾಗಿತ್ತು.

ಇಂದಿನ ಮಾಪಕದಲ್ಲಿ ಚಕ್ರವಿಲ್ಲ, ಅದರ ಬದಲು ಮಿನುಗುವ ಕೆಂಪು ದೀಪವಿದೆ. ಮಾಪಕದ ಮುಖದ ಮೇಲೆ ಒಂದು ಯೂನಿಟ್ಟಿಗೆ ಅದು ಎಷ್ಟು ಸಲ ಮಿನುಗುತ್ತದೆಂದು ಅಚ್ಚಾಗಿರುತ್ತದೆ. ಕೆಲವದರಲ್ಲಿ 1600, ಕೆಲವದರಲ್ಲಿ 3200. ಮನೆಯ ಎಲ್ಲವನ್ನೂ ಆರಿಸಿ, ಫ್ರಿಜ್ ಒಂದನ್ನೇ ಓಡಲು ಬಿಟ್ಟು, ಒಂದು ನಿಮಿಷದಲ್ಲಿ ಎಷ್ಟು ಸಲ ಮಿನುಗುತ್ತದೆಂದು ಎಣಿಸಿ. 3200ರ ಮಾಪಕದಲ್ಲಿ ಎಂಟು ಸಲವಾದರೆ ಗಂಟೆಗೆ 480 ಸಲವಾಯಿತು. 480ನ್ನು 3200ರಿಂದ ಭಾಗಿಸಿದರೆ 0.15 ಕಿಲೋವಾಟ್, ಅಂದರೆ 150 ವಾಟ್. ಹೀಗೆ ಒಂದು ಭಾನುವಾರದ ಮಧ್ಯಾಹ್ನದೊಳಗೆ ಮನೆಯ ಎಲ್ಲ ಉಪಕರಣಗಳ ಜಾತಕವನ್ನೂ ಬರೆಯಬಹುದು. ಟೀವಿಯ ಸೆಟ್‌ಟಾಪ್ ಬಾಕ್ಸನ್ನು ರಿಮೋಟಿನಲ್ಲಿ ಆರಿಸಿದರೂ ಅದು ಹತ್ತು ವಾಟ್ ನುಂಗುತ್ತಿದ್ದರೆ, ದಿನಕ್ಕೆ ಇಪ್ಪತ್ತು ಗಂಟೆಯಂತೆ ತಿಂಗಳಿಗೆ ಆರು ಯೂನಿಟ್. ಗೋಡೆಯ ಸ್ವಿಚ್ಚನ್ನು ಆರಿಸಲು ಖರ್ಚೇನೂ ಇಲ್ಲ. ಇದಕ್ಕೆ ಬೇಕಾದ ಸಲಕರಣೆ ಒಂದು ಗಡಿಯಾರ, ಒಂದು ಪೆನ್ಸಿಲ್, ಒಂದು ಹಾಳೆ.

ಗೃಹಜ್ಯೋತಿಯನ್ನು ನಾನು ಹಳಿಯುತ್ತಿಲ್ಲ, ಫಲಾನುಭವಿಯಾಗಿ ಹಳಿದರೆ ಅದು ಕೃತಘ್ನತೆ. ಬಡವರ ಮನೆಗಳಲ್ಲಿ ಅದು ತಂದ ನೆಮ್ಮದಿಯನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಬಿಲ್ಲಿನ ಕೆಳಗೆ ಸೊನ್ನೆ ಬಂದಂದಿನಿಂದ ಮೇಲಿನ ಯೂನಿಟ್ಟುಗಳ ಸಾಲನ್ನು ಓದುವ ಅಭ್ಯಾಸವೇ ತಪ್ಪಿದೆ. ಆ ಸೊನ್ನೆಯ ಹಣವನ್ನು ಸರ್ಕಾರ ನಮ್ಮೆಲ್ಲರ ತೆರಿಗೆಯಿಂದ ವಿದ್ಯುತ್ ಕಂಪನಿಗಳಿಗೆ ತುಂಬಿಕೊಡುತ್ತಿದೆ. ನಾವು ಉಳಿಸಿದ ಯೂನಿಟ್ ನಮ್ಮ ಜೇಬಿಗೆ ಬಾರದಿದ್ದರೂ ಯಾರದೋ ಪಂಪ್‌ಸೆಟ್ಟಿಗೆ, ಯಾವುದೋ ಆಸ್ಪತ್ರೆಗೆ ಹೋಗುತ್ತದೆ. ಉಳಿಸಲು ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಮಾರಾಟಗಾರರು ಇದನ್ನು ಹೇಳುವುದಿಲ್ಲ, ಏಕೆಂದರೆ ಇದರಲ್ಲಿ ಮಾರುವುದಕ್ಕೇನೂ ಇಲ್ಲ. ಬಳಕೆ 200ರ ಆಸುಪಾಸಿನಲ್ಲಿರುವವರಿಗೆ ಮಾತ್ರ ಎಚ್ಚರಿಕೆಯ ಗಂಟೆಯಿಂದ ಲಾಭವುಂಟು, 201 ಆದರೆ ಪೂರ್ತಿ ಬಿಲ್ಲನ್ನು ಕಟ್ಟಬೇಕಷ್ಟೆ. ಅವರೂ ಬಿಲ್ಲು ಬಂದ ಇಪ್ಪತ್ತನೆಯ ದಿನ ಒಮ್ಮೆ ಮಾಪಕವನ್ನು ಓದಿಕೊಂಡರೆ ಸಾಕು.

ಕೊನೆಯದಾಗಿ ನನ್ನ ಶಿಷ್ಯನಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ಈ ವಿದ್ಯೆಗೆ ಸಲ್ಲುವ ಜಾಗಗಳಿವೆ: ಅಕ್ಕಿ ಗಿರಣಿ, ದೊಡ್ಡ ಹೋಟೆಲು, ಕಲ್ಯಾಣ ಮಂಟಪ, ಶೀತಲಗೃಹ, ತೋಟದ ಪಂಪಿನ ಮೊಬೈಲ್ ಸ್ಟಾರ್ಟರ್. ಸೌರ ಫಲಕಗಳಿಗೆ 2024ರ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವಾಟಿಗೆ 78 ಸಾವಿರ ರೂಪಾಯಿಗಳ ಸಹಾಯಧನವಿದೆ. ಗೃಹಜ್ಯೋತಿಯ ಮಿತಿಯನ್ನು ದಾಟಿ ಪೂರ್ಣ ಬಿಲ್ಲು ಕಟ್ಟುವ ಮನೆಗಳಿಗೆ ಅದನ್ನು ಪ್ರಾಮಾಣಿಕವಾಗಿ ಲೆಕ್ಕ ಹಾಕಿ ಅಳವಡಿಸಿಕೊಡು. ಮೊದಲು ಅಳೆ, ಆಮೇಲೆ ಮಾರು. ಬೇಡದವರಿಗೆ ಬೇಡವೆಂದು ನೀನೇ ಹೇಳು. ಮೂರು ತಾಲ್ಲೂಕುಗಳಲ್ಲಿ ನಿನ್ನ ಮಾತಿಗೆ ಬೆಲೆ ಬರುವುದು ಹಾಗೆ.

"ಹಾಗೆ ಮಾಡಿದರೆ ಸಾಲದ ಕಂತು ಕಟ್ಟುವುದು ಹೇಗೆ ಮೇಷ್ಟ್ರೆ?" ಎಂದ. ಅವನ ಪ್ರಶ್ನೆಗೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ಅದಕ್ಕೇ ನಿಮ್ಮಲ್ಲಿ ಗಿರಣಿ, ಹೋಟೆಲು, ಮಂಟಪಗಳನ್ನು ನಡೆಸುತ್ತಿರುವವರು ನನಗೊಂದು ಮಾತು ತಿಳಿಸಿ, ಅವನನ್ನು ನಿಮ್ಮಲ್ಲಿಗೆ ಕಳುಹಿಸುತ್ತೇನೆ. ಅವನು ಚೆನ್ನಾಗಿ ಅಳೆಯಬಲ್ಲ. ನಿಮ್ಮಲ್ಲಿ ಶಿಕ್ಷಕರಾಗಿರುವವರು ಈ ವರ್ಷ ಮಕ್ಕಳಿಗೆ ಆ ಹಳೆಯ ಮನೆಗೆಲಸವನ್ನು ಕೊಡಿ. ಉಳಿದವರು ಇಂದು ಸಂಜೆ ಏಳು ಗಂಟೆಗೆ ನಿಮ್ಮ ಮನೆಯ ಮಾಪಕದ ಮುಂದೆ ಒಂದು ನಿಮಿಷ ನಿಂತು, ಕಂಡ ಅಂಕಿಯನ್ನು ಬರೆದಿಟ್ಟುಕೊಳ್ಳಿ.